ಮದುವೆಗೆ ರೇಷ್ಮೆ ಅಂಗಿ ಕೊಳ್ಳಲು ಹೊರಟಿದ್ದೀರಾ? ಮೊದಲು ನನ್ನ ಅಂಗಿಯ ತೂತು ನೋಡಿ

ನನ್ನ ರೇಷ್ಮೆ ಅಂಗಿಯ ಬಲತೋಳಿನಲ್ಲಿ, ಕಫ್‌ನಿಂದ ನಾಲ್ಕು ಬೆರಳು ಮೇಲೆ, ಸಾಸಿವೆ ಕಾಳಿನಷ್ಟು ಒಂದು ತೂತು ಇದೆ. ಈ ಫೆಬ್ರವರಿಯಲ್ಲಿ ದಾವಣಗೆರೆಯಲ್ಲಿ ನಡೆದ ತಂಗಿಯ ಮದುವೆಯ ಲಾಜಹೋಮದಲ್ಲಿ ಬಿದ್ದದ್ದು. ಅಣ್ಣನಾದವನು ತಂಗಿಯ ಬೊಗಸೆಗೆ ಅರಳು ಹಾಕಬೇಕು, ಅವಳು ಅದನ್ನು ಅಗ್ನಿಗೆ ಅರ್ಪಿಸಬೇಕು. ಮೂರನೆಯ ಸಲ ಹಾಕುವಾಗ ಸಮಿತ್ತು ಚಟ್ಟೆಂದು ಸಿಡಿಯಿತು. ಕಿಡಿಯೊಂದು ಹಾರಿ ತೋಳಿನ ಮೇಲೆ ಕೂತಿತು, ಕೊಡವಿಕೊಂಡೆ. ಅಷ್ಟರಲ್ಲಿ ಚರ್ಮಕ್ಕೆ ಚುರುಕ್ ಎಂದಿತ್ತು.

ಊಟಕ್ಕೆ ಕೂತಾಗ ತೋಳು ನೋಡಿಕೊಂಡೆ. ತೂತಿನ ಸುತ್ತ ಕಪ್ಪು ಅಂಚು, ಕರಗಿ ಮತ್ತೆ ಗಟ್ಟಿಯಾದ ಪ್ಲಾಸ್ಟಿಕ್‌ನ ಹಾಗೆ ಉಗುರಿಗೆ ಒರಟಾಗಿ ಸಿಗುತ್ತಿತ್ತು. ಪಕ್ಕದ ಎಲೆಗೆ ಕೂತಿದ್ದ ಸೋದರಮಾವ ಬೆರಳಾಡಿಸಿ ನೋಡಿದರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ, ‘ರೇಷ್ಮೆ ಸುಟ್ಟರೆ ಬೂದಿಯಾಗುತ್ತದಪ್ಪ, ಮಣಿಯಾಗುವುದಿಲ್ಲ’ ಎಂದರು. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಅಂಥ ಅಂಗಿ ಇದ್ದದ್ದು ನನ್ನ ಮೈಮೇಲೆ ಮಾತ್ರವಲ್ಲ. ಅಪ್ಪ, ಚಿಕ್ಕಪ್ಪ, ಚಿಕ್ಕಪ್ಪನ ಮಗ, ನಾನು, ಹೀಗೆ ನಾಲ್ವರಿಗೂ ನಾನೇ ಆರಿಸಿ ತಂದಿದ್ದೆ.

ತಂದದ್ದು ಬೆಂಗಳೂರಿನ ಹಳೆಯ ಪೇಟೆಯ ಒಂದು ಗಲ್ಲಿಯ ಮಹಡಿ ಅಂಗಡಿಯಿಂದ. ಹೆಸರು ಬರೆಯುವುದಿಲ್ಲ. ಅದೇ ಪೇಟೆಯಲ್ಲಿ ಮೂರು ತಲೆಮಾರಿನಿಂದ ನೇರ ವ್ಯಾಪಾರ ಮಾಡಿಕೊಂಡು ಬಂದವರೂ ಇದ್ದಾರೆ, ಒಬ್ಬನ ಮಸಿ ಅವರ ಗೋಡೆಗೆ ಬಳಿಯುವುದು ಬೇಡ. ನನಗೆ ಬೇಕಾಗಿದ್ದದ್ದು ಮುಹೂರ್ತಕ್ಕೆ ನಾಲ್ಕು ರೇಷ್ಮೆ ಅಂಗಿ, ಆರತಕ್ಷತೆಗೆ ನನಗೊಂದು ಲಿನನ್, ಮದುವೆಯ ಮರುವಾರ ಇದ್ದ ಸಂದರ್ಶನಕ್ಕೆ ಬಿಳಿಯ ಫಾರ್ಮಲ್ ಅಂಗಿ. ಒಂದು ಶನಿವಾರ ಮಧ್ಯಾಹ್ನದಲ್ಲಿ ಎಲ್ಲವನ್ನೂ ಮುಗಿಸಿಬಿಡುವ ಆತುರ. ಮಾರುವವನಿಗೆ ಇಂಥ ಗಿರಾಕಿಗಿಂತ ಹಬ್ಬ ಬೇರೆ ಇಲ್ಲ.

ಅವನು ಮೊದಲು ತೋರಿಸಿದ ರೇಷ್ಮೆಗೆ ಐದು ಸಾವಿರದ ಮೇಲೆ ಬೆಲೆ ಹೇಳಿದ. ನನ್ನ ಮುಖ ನೋಡಿ ಒಳಗಿನಿಂದ ಇನ್ನೊಂದು ಕಟ್ಟು ತರಿಸಿದ. ಕೆನೆ ಬಣ್ಣ, ತೆಳ್ಳನೆಯ ಜರಿ ಅಂಚು, ಕೈಗೆ ಜಾರುವ ನುಣುಪು, ಟ್ಯೂಬ್‌ಲೈಟಿನ ಕೆಳಗೆ ಫಳಫಳ ಹೊಳಪು. ಚೀಟಿಯ ಮೇಲೆ 4,995 ಎಂದು ಅಚ್ಚಾಗಿತ್ತು. ‘ಸರ್, ಇದೂ ಸಿಲ್ಕೇ. ಮದುವೆ ಮನೆಯವರು ಎಂದು 2,200ಕ್ಕೆ ಕೊಡುತ್ತಿದ್ದೇನೆ’ ಎಂದ. ಒಂದು ಕಿಲೋ ಕಚ್ಚಾ ರೇಷ್ಮೆ ತೆಗೆಯಲು ಆರರಿಂದ ಎಂಟು ಕಿಲೋ ಗೂಡು ಬೇಕು. ರಾಮನಗರದ ಗೂಡಿನ ಮಾರುಕಟ್ಟೆಯ ಮುಂದೆ ನೂರು ಸಲ ಬಸ್ಸಿನಲ್ಲಿ ಹಾದುಹೋದವನಿಗೆ, ಜರಿ ಅಂಚಿನ ರೇಷ್ಮೆ ಅರ್ಧಕ್ಕಿಂತ ಕಡಿಮೆಗೆ ಏಕೆ ಬರುತ್ತಿದೆ ಎಂಬ ಪ್ರಶ್ನೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾಲ್ಕು ಅಂಗಿಗೆ ಹನ್ನೊಂದು ಸಾವಿರ ಉಳಿಯಿತೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

ಮದುವೆಯಾದ ಹತ್ತನೆಯ ದಿನ ತೂತಿನ ಅಂಗಿ ಹಿಡಿದುಕೊಂಡು ಅದೇ ಮಹಡಿ ಹತ್ತಿದೆ. ಅವನು ಸಿಟ್ಟಾಗಲೇ ಇಲ್ಲ. ಕುರ್ಚಿ ಹಾಕಿಸಿದ, ನೀರು ಕೊಡಿಸಿದ. ಆಮೇಲೆ ಸಮಾಧಾನವಾಗಿ, ‘ಸಿಲ್ಕ್ ಎಂದೆ ಸರ್, ಪ್ಯೂರ್ ಸಿಲ್ಕ್ ಎಂದೆನೇ? ಇದು ಆರ್ಟ್ ಸಿಲ್ಕ್’ ಎಂದ. ಆರ್ಟ್ ಎಂದರೆ ಕಲೆ ಎಂದುಕೊಂಡು ಮೋಸಹೋಗುವವರಿದ್ದಾರೆ. ಈ ಆರ್ಟ್ ಆರ್ಟಿಫಿಶಿಯಲ್‌ನ ಮೊಟಕು ರೂಪ. ಕೃತಕ ರೇಷ್ಮೆ, ಅಷ್ಟೇ. ಅದು ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ಆಗಿರಬಹುದು, ಪಾಲಿಯೆಸ್ಟರ್ ಆಗಿರಬಹುದು. ಕೃತಕ ರೇಷ್ಮೆಯನ್ನು ಅದೇ ಹೆಸರಿನಲ್ಲಿ, ಅದರ ಬೆಲೆಗೆ ಮಾರಿದರೆ ಯಾರ ತಕರಾರೂ ಇಲ್ಲ, ಸಾವಿರದೊಳಗೇ ಸಿಗುತ್ತದೆ. ನನ್ನ ಹೊಟ್ಟೆಯುರಿ ‘ಇದೂ ಸಿಲ್ಕೇ’ ಎನ್ನುವುದರಲ್ಲಿದ್ದ ಆ ‘ಊ’ಕಾರದ್ದು.

ನಮ್ಮ ಬೀದಿಯ ಟೈಲರ್ ಮಾಡಿ ತೋರಿಸಿದ ಪರೀಕ್ಷೆಯನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. ಅಂಗಿಯ ಒಳಬದಿಯಲ್ಲಿ, ಪಕ್ಕದ ಹೊಲಿಗೆಯ ಮಡಿಕೆಯಲ್ಲಿ, ಸ್ವಲ್ಪ ಬಟ್ಟೆ ಉಳಿದಿರುತ್ತದೆ. ಅಲ್ಲಿಂದ ಉದ್ದಕ್ಕಿರುವ ಹಾಸಿನ ಎರಡು ಎಳೆ, ಅಡ್ಡಕ್ಕಿರುವ ಹೊಕ್ಕಿನ ಎರಡು ಎಳೆ ಬೇರೆಬೇರೆಯಾಗಿ ಎಳೆದುಕೊಳ್ಳಬೇಕು. ಕೆಲವು ಬಟ್ಟೆಯಲ್ಲಿ ಒಂದು ಕಡೆಗೆ ಮಾತ್ರ ರೇಷ್ಮೆ ಇಟ್ಟು ಇನ್ನೊಂದು ಕಡೆಗೆ ಪಾಲಿಯೆಸ್ಟರ್ ಹಾಕಿರುತ್ತಾರೆ, ಒಂದೇ ಎಳೆ ಸುಟ್ಟು ನೋಡಿದರೆ ಅದು ಸಿಕ್ಕಿಬೀಳುವುದಿಲ್ಲ. ಎಳೆಯನ್ನು ಚಿಮುಟದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ ಇಟ್ಟು ಬೆಂಕಿ ತೋರಿಸಿ. ಅಸಲಿ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಬೆಂಕಿ ತೆಗೆದರೆ ತಾನಾಗಿ ಆರುತ್ತದೆ, ಉಳಿದ ಕರಿಯನ್ನು ಬೆರಳಿನಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ವಿಸ್ಕೋಸ್ ಮತ್ತು ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿ ಬಿಡುತ್ತವೆ. ಪಾಲಿಯೆಸ್ಟರ್ ಕರಗಿ, ಮುದುಡಿ, ಗಟ್ಟಿ ಮಣಿಯಾಗುತ್ತದೆ. ನನ್ನದರಲ್ಲಿ ಹಾಸೂ ಮಣಿಯಾಯಿತು, ಹೊಕ್ಕೂ ಮಣಿಯಾಯಿತು. ಟೈಲರ್ ಏನೂ ಹೇಳಲಿಲ್ಲ, ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.

ಅಂಗಡಿಯಲ್ಲಿ ನಿಂತು ಕಡ್ಡಿ ಗೀರಲಾಗುವುದಿಲ್ಲ, ಗೊತ್ತು. ಅದಕ್ಕಾಗಿಯೇ ಸಿಲ್ಕ್ ಮಾರ್ಕ್ ಇದೆ. ಕೇಂದ್ರ ರೇಷ್ಮೆ ಮಂಡಳಿಯ ಆಸರೆಯಲ್ಲಿ 2004ರಲ್ಲಿ ಶುರುವಾದ ಗುರುತು ಅದು. ಅಪ್ಪಟ ನೈಸರ್ಗಿಕ ರೇಷ್ಮೆಗೆ ಮಾತ್ರ ಕೊಡುತ್ತಾರೆ. ಆ ಮಂಡಳಿಯ ಕೇಂದ್ರ ಕಚೇರಿ ಇರುವುದು ಬೆಂಗಳೂರಿನ ಮಡಿವಾಳದಲ್ಲೇ. ನಾನು ಮೋಸಹೋದ ಅಂಗಡಿಗೆ ಮೆಟ್ರೋ ಹಿಡಿಯಲು ಹೋಗುವಾಗ ಅದರ ಮುಂದೆಯೇ ಹಾದು ಹೋಗಿದ್ದೆ! ಸೀರೆ ಕೊಳ್ಳುವಾಗ ಅಮ್ಮಂದಿರು ಸಿಲ್ಕ್ ಮಾರ್ಕ್ ಚೀಟಿ ಕೇಳಿ ಪಡೆಯುತ್ತಾರೆ. ಗಂಡಸರ ಅಂಗಿಗೂ ಕೇಳಬಹುದು ಎಂಬುದು ನಮಗೆ ತೋಚುವುದೇ ಇಲ್ಲ.

ಇನ್ನು ಲಿನನ್ ಕಥೆ. ಕಾಲರಿನ ಒಳಗೆ ದೊಡ್ಡ ಅಕ್ಷರದಲ್ಲಿ ಲಿನನ್ ಎಂದಿತ್ತು, ಅದರ ಪಕ್ಕದಲ್ಲಿ ಇರುವೆ ಗಾತ್ರದಲ್ಲಿ ‘ಫೀಲ್’. ಪಕ್ಕದ ಹೊಲಿಗೆಯಲ್ಲಿ ಸಿಕ್ಕಿಸಿದ್ದ ತೊಳೆಯುವ ಸೂಚನೆಯ ಪಟ್ಟಿಯಲ್ಲಿ ಪಾಲಿಯೆಸ್ಟರ್, ವಿಸ್ಕೋಸ್ ಎಂದು ಪ್ರಾಮಾಣಿಕವಾಗಿಯೇ ಅಚ್ಚಾಗಿತ್ತು. ಓದಿದ್ದು ಮನೆಗೆ ಬಂದ ಮೇಲೆ. ಲಿನನ್ ಎಂದರೆ ಅಗಸೆ ಗಿಡದ ಕಾಂಡದ ನಾರು. ಬಾಲ್ಯವಿಡೀ ಅಗಸಿ ಚಟ್ನಿ ತಿಂದು ಬೆಳೆದ ನನಗೆ ಅದೇ ಗಿಡದ ಬಟ್ಟೆ ಗುರುತಿಸಲು ಬರಲಿಲ್ಲ. ತುದಿಯನ್ನು ಮುಷ್ಟಿಯಲ್ಲಿ ಹತ್ತು ಎಣಿಸುವವರೆಗೆ ಹಿಂಡಿ ಬಿಡಿ. ಅಸಲಿ ಲಿನನ್ ಚೂಪಾಗಿ ಸುಕ್ಕಾಗುತ್ತದೆ, ಸುಕ್ಕು ಹಾಗೇ ನಿಲ್ಲುತ್ತದೆ. ನನ್ನದು ಏನೂ ಆಗದವರಂತೆ ಬಿಚ್ಚಿಕೊಂಡಿತು, ಅದನ್ನೇ ಅವನು ‘ನೋಡಿ ಸರ್, ಸುಕ್ಕೇ ಬರುವುದಿಲ್ಲ’ ಎಂದು ಹೊಗಳಿ ಮಾರಿದ್ದ. ಆರತಕ್ಷತೆಯ ಸಾಲಿನಲ್ಲಿ ಮೂರು ಗಂಟೆ ನಿಂತಾಗ ಬೆನ್ನಿಗೆ ಪ್ಲಾಸ್ಟಿಕ್ ಹಾಳೆ ಅಂಟಿದಂತಿತ್ತು. ಫೋಟೋಗಳಲ್ಲಿ ನನ್ನ ನಗು ಅದನ್ನು ಹೇಳುತ್ತದೆ.

ಫೋಟೋ ಎಂದಾಗ ನೆನಪಾಯಿತು. ಮುಹೂರ್ತದ ಚಿತ್ರಗಳಲ್ಲಿ ನಾವು ನಾಲ್ವರೂ ಕಾಮಾಲೆಯಾದವರಂತೆ ಕಾಣುತ್ತೇವೆ. ಅಂಗಡಿಯ ಬೆಳಕಿನಲ್ಲಿ ಮನೆಯ ಪಂಚೆಗೆ ಸರಿಹೊಂದುತ್ತದೆ ಎನಿಸಿದ್ದ ಅಂಗಿಯ ಕೆನೆ ಬಣ್ಣ ಮಂಟಪದ ಹಗಲು ಬೆಳಕಿನಲ್ಲಿ ಹಳದಿಗೆ ತಿರುಗಿತ್ತು. ಪಂಚೆಯನ್ನು ಜೊತೆಗೆ ಒಯ್ದು, ಎರಡನ್ನೂ ಹಿಡಿದು ಅಂಗಡಿಯ ಬಾಗಿಲಿಗೆ ಬಂದು ನೋಡಿ. ಹೊರಗೆ ಒಯ್ಯಲು ಬಿಡದಿದ್ದರೆ ಅಲ್ಲಿ ಕೊಳ್ಳಬೇಡಿ.

ಬಿಳಿ ಅಂಗಿಗಳು ಎರಡಕ್ಕೆ 1,600. ಗುಂಡುಸೂಜಿ ಚುಚ್ಚಿ, ರಟ್ಟು ಇಟ್ಟು ಮಡಿಸಿದ ಪೊಟ್ಟಣ. ‘ಪ್ಯಾಕ್ ಬಿಚ್ಚಿದರೆ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ’ ಎಂದಿದ್ದರಿಂದ ಅಳತೆ ಮಾತ್ರ ಕೇಳಿದೆ. ನನ್ನ ಎದೆಯಳತೆ 40 ಇಂಚು, ಹಾಗಾಗಿ 40 ಎಂದೆ. ಇಲ್ಲಿ ಅನೇಕರು ಎಡವುತ್ತಾರೆ: ಫಾರ್ಮಲ್ ಅಂಗಿಯ 39, 40, 42 ಎಂಬುವು ಸಾಮಾನ್ಯವಾಗಿ ಕುತ್ತಿಗೆಯ ಸುತ್ತಳತೆ, ಅದೂ ಸೆಂಟಿಮೀಟರಿನಲ್ಲಿ. ಎದೆಯ ಇಂಚಿಗೂ ಅದಕ್ಕೂ ಸಂಬಂಧವಿಲ್ಲ. ನನಗೆ ಬೇಕಾಗಿದ್ದದ್ದು 38. ಮೇಲಿನ ಗುಂಡಿ ಹಾಕಿದರೂ ಕಾಲರಿನೊಳಗೆ ಕೈಯೇ ಹೋಗುತ್ತಿತ್ತು, ಎರಡು ಬೆರಳು ಹೋದರೆ ಸಾಕಿತ್ತು. ಭುಜದ ಹೊಲಿಗೆ ಮೂಳೆ ದಾಟಿ ತೋಳಿಗೆ ಇಳಿದಿತ್ತು. ಪಕ್ಕಗಳನ್ನು ಟೈಲರ್ ಹಿಡಿಯಬಲ್ಲರು, ತೋಳಿನ ಉದ್ದ ಕತ್ತರಿಸಬಲ್ಲರು, ಭುಜವನ್ನು ಮುಟ್ಟಲು ಯಾರೂ ಒಪ್ಪುವುದಿಲ್ಲ.

ಮೊದಲ ಒಗೆತದಲ್ಲೇ ಕಾಲರಿನ ಮೇಲೆ ಗುಳ್ಳೆಗಳೆದ್ದವು. ಕಾಲರ್ ನೆಟ್ಟಗೆ ನಿಲ್ಲಲು ಒಳಗೆ ಒಂದು ಪದರವನ್ನು ಶಾಖದಿಂದ ಅಂಟಿಸಿರುತ್ತಾರೆ. ಅಗ್ಗದ ಅಂಟು ನೀರು ಕಂಡೊಡನೆ ಬಿಡುತ್ತದೆ, ಇಸ್ತ್ರಿ ಹಾಕಿದಷ್ಟೂ ಗುಳ್ಳೆ ದೊಡ್ಡದಾಗುತ್ತದೆ. ಸಂದರ್ಶನಕ್ಕೆ ನಾನು ಹಳೆಯ ನೀಲಿ ಗೆರೆಯ ಅಂಗಿಯನ್ನೇ ತೊಟ್ಟು ಹೋದೆ.

ಇಷ್ಟೆಲ್ಲ ಆದರೂ ಹಣ ಹಿಂದಕ್ಕೆ ಬರಬಹುದಿತ್ತು, ನಾನು ಒಂದು ಕೆಲಸ ಸರಿಯಾಗಿ ಮಾಡಿದ್ದರೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರವೇ, ದೋಷವಿರುವ ಸರಕನ್ನು ಹಿಂಪಡೆದು ಹಣ ಕೊಡಲು ಒಪ್ಪದಿರುವುದೂ ಅನುಚಿತ ವ್ಯಾಪಾರವೇ. ಬಿಲ್ಲಿನಲ್ಲಿ ಅವಧಿ ಬರೆಯದಿದ್ದರೆ 30 ದಿನ ಎಂದು ಕಾಯ್ದೆಯೇ ಹೇಳುತ್ತದೆ. ನಾನು ಹೋದದ್ದು ಆ ಅವಧಿಯೊಳಗೇ. ಆದರೆ ನನ್ನ ಕೈಯಲ್ಲಿದ್ದ ಕಾಗದದ ತಲೆಯ ಮೇಲೆ ‘ಎಸ್ಟಿಮೇಟ್’ ಎಂದಿತ್ತು. ಕೆಳಗೆ ‘ಶರ್ಟ್ 7, ಒಟ್ಟು 11,700’. ಅಂಗಡಿಯ ಹೆಸರಿಲ್ಲ, ಜಿಎಸ್‌ಟಿ ಸಂಖ್ಯೆಯಿಲ್ಲ, ಸಿಲ್ಕ್ ಎಂಬ ಪದವೂ ಇಲ್ಲ. ಮೊಬೈಲ್‌ನಲ್ಲಿ ಹಣ ಹೋದದ್ದು ಅಂಗಡಿಯ ಹೆಸರಿಗಲ್ಲ, ಯಾರೋ ವ್ಯಕ್ತಿಯ ಹೆಸರಿನ ಖಾತೆಗೆ.

ಅಂದು ಬಿಲ್ ಕೇಳಿದ್ದೆ. ‘ಬಿಲ್ ಬೇಕೆಂದರೆ ಟ್ಯಾಕ್ಸ್ ಸೇರಿ ಸಾವಿರದ ಐನೂರು ಹೆಚ್ಚಾಗುತ್ತದೆ ಸರ್, ಸುಮ್ಮನೆ ಏಕೆ?’ ಎಂದ. ಈಗ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇಕಡಾ 5. ನಾನು ಕೊಂಡ ಒಂದು ಅಂಗಿಯೂ ಆ ಬೆಲೆ ದಾಟಿರಲಿಲ್ಲ. 11,700ಕ್ಕೆ ಅದು 585 ರೂಪಾಯಿ. ಆ 585 ಉಳಿಸಲು ಹೋಗಿ, ಕೇಳುವ ಹಕ್ಕನ್ನೇ ಅವನ ಗಲ್ಲಾದಲ್ಲಿ ಬಿಟ್ಟು ಬಂದಿದ್ದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದಾಗ ಆ ಕಡೆಯವರು ತಾಳ್ಮೆಯಿಂದ ಕೇಳಿದ ಮೊದಲ ಪ್ರಶ್ನೆಯೇ ಬಿಲ್ ಇದೆಯೇ ಎಂದು. ನೀವು ಕೊಳ್ಳುವಾಗ ಅಂಗಿಯ ಸಂಖ್ಯೆ ಮಾತ್ರವಲ್ಲ, ‘ಪ್ಯೂರ್ ಸಿಲ್ಕ್’ ಎಂಬ ಎರಡು ಪದವನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಪೆನ್ನು ಹಿಂದೇಟು ಹಾಕಿದರೆ ಬಟ್ಟೆ ಯಾವುದೆಂದು ಅಲ್ಲೇ ಗೊತ್ತಾಗುತ್ತದೆ, ಬೆಂಕಿ ಬೇಕಾಗುವುದಿಲ್ಲ.

ಕೊನೆಗೆ ಅಂಗಡಿಯವನು ‘ನಿಮ್ಮ ಮನಸ್ಸಿಗೆ ಬೇಜಾರಾಗಬಾರದು’ ಎಂದು ಎರಡು ಹತ್ತಿ ಪಂಚೆ ಕೊಟ್ಟು ಕಳಿಸಿದ. ಅವುಗಳ ಎಳೆಯನ್ನೂ ಸುಟ್ಟು ನೋಡಿದೆ, ಹತ್ತಿಯೇ. ತೂತಿನ ಅಂಗಿಯ ತೋಳನ್ನು ಟೈಲರ್ ಮೊಣಕೈವರೆಗೆ ಕತ್ತರಿಸಿ ಅರ್ಧ ತೋಳಿನದು ಮಾಡಿಕೊಟ್ಟರು. ಮಳೆಗಾಲದಲ್ಲಿ ಬೈಕ್ ಓಡಿಸುವಾಗ ಅದನ್ನೇ ಹಾಕುತ್ತೇನೆ. ಕಚೇರಿ ಮುಟ್ಟಿ ಹತ್ತು ನಿಮಿಷ ಫ್ಯಾನಿನ ಕೆಳಗೆ ನಿಂತರೆ ಒಣಗಿರುತ್ತದೆ.