ಹಳೆಯ ಹೆರಾಲ್ಡ್ ಮಾರುವವರೇ, ಮೀಟರ್ ನಂಬಿ ಬರೆಯಬೇಡಿ, ಖಾಲಿ ಫಾರಂಗೆ ಸಹಿ ಹಾಕಬೇಡಿ

ಬೆಂಗಳೂರಿನಲ್ಲಿ ಈಚೆಗೆ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಮಾರಾಟ ಪೂರ್ತಿ ಕೆಟ್ಟುಹೋಯಿತು. ಗಾಡಿ 1960ರ ದಶಕದ್ದು, ಮದ್ರಾಸಿನಲ್ಲಿ ತಯಾರಾದದ್ದು. ನಂಬರ್ ಪ್ಲೇಟಿನಲ್ಲಿ ಇನ್ನೂ ಮೈಸೂರು ರಾಜ್ಯದ ಕಾಲದ ಎಂವೈ ಅಕ್ಷರಗಳಿವೆ, ಮೀಟರಿನಲ್ಲಿ 31,000 ಕಿ.ಮೀ. ಇದೆ. ಮದ್ರಾಸ್ ಬಳಿಯ ಶೋಲಾವರಂ ಏರ್‌ಸ್ಟ್ರಿಪ್‌ನಲ್ಲಿ ರೇಸ್ ನಡೆಯುತ್ತಿದ್ದ ದಿನಗಳಲ್ಲಿ ಅದರ 948 ಸಿಸಿ ಎಂಜಿನ್ ಇಳಿಸಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು ಟ್ರಯಂಫ್ ಸ್ಪಿಟ್‌ಫೈರ್‌ನ 1147 ಸಿಸಿ ಎಂಜಿನ್, ಅದರ ಜೋಡಿ ಎಸ್‌ಯು ಕಾರ್ಬುರೇಟರ್, ಅದರದೇ ಕ್ರೌನ್-ಪಿನಿಯನ್ (ಹಿಂದಿನ ಚಕ್ರಗಳನ್ನು ತಿರುಗಿಸುವ ಡಿಫರೆನ್ಶಿಯಲ್ಲಿನ ಹಲ್ಲುಚಕ್ರಗಳು) ಕೂರಿಸಿದ್ದರು. ಸುಮಾರು 35 ಅಶ್ವಶಕ್ತಿಯ ಸಾಧು ಗಾಡಿ 63 ಅಶ್ವಶಕ್ತಿಯದಾಗಿತ್ತು. ಮನೆಯವರು "31,000 ಮಾತ್ರ ಓಡಿದ ಒರಿಜಿನಲ್ ಗಾಡಿ, ರೇಸ್ ಟ್ಯೂನಿಂಗ್ ಆಗಿದೆ" ಎಂದು ಬರೆದು ಮಾರಾಟಕ್ಕಿಟ್ಟರು. ಒಬ್ಬ ದಲ್ಲಾಳಿ 50,000 ರೂಪಾಯಿ ಅಡ್ವಾನ್ಸ್ ಕೊಟ್ಟು, ಪಾರ್ಟಿಗೆ ತೋರಿಸಿ ತರುತ್ತೇನೆಂದು ಗಾಡಿ ಒಯ್ದ. ಐದು ವಾರದ ಮೇಲೆ ಗಾಡಿ ವಾಪಸ್ ಬಂದಾಗ ಬಾನೆಟ್ ಕೆಳಗೆ ಯಾವುದೋ ಗಾಡಿಯ ಒಂಟಿ ಕಾರ್ಬುರೇಟರ್ ಕೂತಿತ್ತು. ಜೋಡಿ ಎಸ್‌ಯು, ಅದನ್ನು ಎಂಜಿನ್ನಿಗೆ ಜೋಡಿಸುವ ಮ್ಯಾನಿಫೋಲ್ಡ್ ಎರಡೂ ಇರಲಿಲ್ಲ. ಮೀಟರ್ ತಿರುಚಿದ್ದೀರಿ, ಅಡ್ವಾನ್ಸ್ ಎರಡರಷ್ಟು ವಾಪಸ್ ಕೊಡಿ ಎಂಬ ದಲ್ಲಾಳಿಯ ಬೇಡಿಕೆ ಬೇರೆ.

ಮೀಟರನ್ನು ಯಾರೂ ತಿರುಚಿರಲಿಲ್ಲ. ಆದರೂ ಮೀಟರ್ ಸುಳ್ಳು ಹೇಳುತ್ತಿತ್ತು. ಇದು ಎಲ್ಲಕ್ಕಿಂತ ಮೊದಲು ಅರ್ಥವಾಗಬೇಕು.

ಹೆರಾಲ್ಡ್‌ನಲ್ಲಿ ಮೀಟರ್ ಕೇಬಲ್ ಹೊರಡುವುದು ಗೇರ್‌ಬಾಕ್ಸಿನ ಹಿಂತುದಿಯಿಂದ. ಹಾಗಾಗಿ ಅದು ಎಣಿಸುವುದು ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಸುತ್ತುಗಳನ್ನು, ಚಕ್ರದ್ದಲ್ಲ. 948ರ ಮೂಲ ಡಿಫರೆನ್ಶಿಯಲ್ ಅನುಪಾತ 4.875, ಅಂದರೆ ಚಕ್ರಗಳು ಒಂದು ಸುತ್ತು ತಿರುಗಿದರೆ ಶಾಫ್ಟ್ ಅಷ್ಟು ಸುತ್ತು ತಿರುಗುತ್ತದೆ. ಸ್ಪಿಟ್‌ಫೈರ್‌ದು 4.11. ಕ್ರೌನ್ ಬದಲಾಗಿ, ಗೇರ್‌ಬಾಕ್ಸ್, ಮೀಟರ್, ಟೈರ್ ಅಳತೆ ಹಳೆಯವೇ ಉಳಿದರೆ, ಗಾಡಿ 100 ಕಿ.ಮೀ. ಓಡಿದಾಗ ಮೀಟರ್ ತೋರಿಸುವುದು ಸುಮಾರು 84. ಈ ಗಾಡಿಗೆ ಕ್ರೌನ್ ಹಾಕಿದ್ದು ಮೀಟರ್ 9,000 ಇದ್ದಾಗ. ಆಮೇಲಿನ 22,000 ರಸ್ತೆಯ ಮೇಲೆ ಹತ್ತಿರ ಹತ್ತಿರ 26,100. ಒಟ್ಟು 35,000 ದಾಟುತ್ತದೆ. ಹಳೆಯ ಗಾಡಿಗೆ ಈ ವ್ಯತ್ಯಾಸ ದೊಡ್ಡದಲ್ಲ, ಆದರೆ "31,000 ಮಾತ್ರ" ಎಂದು ಬರವಣಿಗೆಯಲ್ಲಿ ಕೊಟ್ಟ ಮೇಲೆ ಅದು ಮೋಸದ ಆರೋಪಕ್ಕೆ ದಾರಿ. ಮೀಟರ್ ಲೆಕ್ಕ ಬಾಡಿ, ಚಾಸಿಗೆ ಸೇರಿದ್ದು, ಆಮೇಲೆ ಬಂದ ಎಂಜಿನ್ ಎಷ್ಟು ಓಡಿದೆಯೆಂದು ಅದಕ್ಕೆ ಗೊತ್ತಿರುವುದಿಲ್ಲ ಎಂಬುದನ್ನೂ ಮರೆಯಬೇಡಿ.

ಪರೀಕ್ಷೆ ಸುಲಭ, ಮಾರುವ ಮೊದಲು ಮನೆಯಲ್ಲೇ ಮಾಡಿ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಒಂದು ಹಿಂದಿನ ಚಕ್ರವನ್ನು ಮಾತ್ರ ಜಾಕಿಯಲ್ಲಿ ಎತ್ತಿ, ಸ್ಟ್ಯಾಂಡ್ ಇಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಎತ್ತಿದ ಚಕ್ರವನ್ನು ಪೂರ್ತಿ ಎರಡು ಸುತ್ತು ತಿರುಗಿಸಿ (ಇನ್ನೊಂದು ಚಕ್ರ ನಿಂತಿರುವುದರಿಂದ ಇದು ಎರಡೂ ಚಕ್ರಗಳ ಒಂದು ಸುತ್ತಿಗೆ ಸಮ). ಶಾಫ್ಟ್ ಐದು ಸುತ್ತಿಗೆ ತುಸು ಕಡಿಮೆ ತಿರುಗಿದರೆ ಮೂಲ ಕ್ರೌನ್, ನಾಲ್ಕರ ಮೇಲೆ ಚೂರು ಹೋದರೆ 4.11. ಜಾಹೀರಾತಿನಲ್ಲೂ ರಸೀದಿಯಲ್ಲೂ ಹೀಗೆ ಬರೆಯಿರಿ: "ಮೀಟರ್ ತೋರಿಸುವುದು 31,000. ಎಂಜಿನ್, ಡಿಫರೆನ್ಶಿಯಲ್ ಬದಲಾಗಿವೆ. ಒಟ್ಟು ಓಟಕ್ಕೆ ಖಾತರಿ ಇಲ್ಲ." ಈ ಮೂರು ವಾಕ್ಯ ಇದ್ದಿದ್ದರೆ ಅರ್ಧ ಜಗಳವೇ ಇರುತ್ತಿರಲಿಲ್ಲ.

ಇನ್ನು "ಒರಿಜಿನಲ್" ಎಂಬ ಮಾತು. ಆರ್‌ಸಿಯಲ್ಲಿ ಇದ್ದದ್ದು ಹಳೆಯ 948ರ ಎಂಜಿನ್ ನಂಬರ್. ಬ್ಲಾಕಿನ ಮೇಲೆ ಒತ್ತಿದ್ದು ಸ್ಪಿಟ್‌ಫೈರ್‌ನ ಎಫ್‌ಸಿ ಎಂದು ಶುರುವಾಗುವ ನಂಬರ್. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಎಂಜಿನ್ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿರಲೇಬೇಕು. ರೇಸಿನ ಕಾಲದಲ್ಲಿ ಇದನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಕೈಬರಹದ ಆರ್‌ಸಿ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುವಾಗ, ಗಾಡಿ ತಪಾಸಣೆಗೆ ನಿಂತಾಗ ಈ ವ್ಯತ್ಯಾಸ ಹೊರಬಿತ್ತು. 2021ರ ವಿಂಟೇಜ್ ನಿಯಮವೂ ಇಲ್ಲೇ ಅಡ್ಡ ಬರುತ್ತದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ್ದರಷ್ಟೇ ಸಾಲದು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಆ ನೋಂದಣಿ ಸಿಕ್ಕರೂ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿಗೆ ಮಾತ್ರ ರಸ್ತೆಗೆ ಇಳಿಸಬಹುದು. ಹಾಗಾಗಿ "ವಿಂಟೇಜ್ ರಿಜಿಸ್ಟ್ರೇಷನ್ ಆರಾಮಾಗಿ ಆಗುತ್ತೆ" ಎಂದು ಕೊಳ್ಳುವವರಿಗೆ ಬಾಯಿಮಾತಿನಲ್ಲೂ ಹೇಳಬೇಡಿ. ಹಳೆಯ 948 ಎಂಜಿನ್ ಮನೆಯ ಹಿತ್ತಲಲ್ಲಿ ಬಿದ್ದಿದ್ದರೆ ಗುಜರಿಗೆ ಕೊಡಲೇಬೇಡಿ. ಆರ್‌ಸಿಯ ನಂಬರ್ ಇರುವ ಬ್ಲಾಕ್ ಗಾಡಿಯ ಜೊತೆಗೇ ಹೋಗಬೇಕು. ಅದು ಕೆಟ್ಟು ನಿಂತಿದ್ದರೂ ಬೆಲೆ ಉಳಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಆದದ್ದು ಗಾಡಿ ಕೈಬಿಟ್ಟ ದಿನ. ದಲ್ಲಾಳಿ ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಖಾಲಿ ಸಹಿ ಹಾಕಿಸಿಕೊಂಡಿದ್ದ. ಅದರಲ್ಲಿ ಕೊಳ್ಳುವವನ ಹೆಸರಿಲ್ಲ, ತಾರೀಖಿಲ್ಲ. ಅಂಥ ಕಾಗದ ನಾಲ್ಕು ಕೈ ದಾಟಬಹುದು, ಆರ್‌ಸಿಯಲ್ಲಿ ಮಾತ್ರ ಹೆಸರು ನಿಮ್ಮದೇ ಉಳಿಯುತ್ತದೆ. ಆ ನಡುವೆ ಅಪಘಾತವಾದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಅಧಿಕೃತ ಡೀಲರ್‌ಗೆ ಗಾಡಿ ಒಪ್ಪಿಸುವುದಾದರೆ 2023ರ ಏಪ್ರಿಲ್‌ನಿಂದ ಅದನ್ನು ಆರ್‌ಟಿಓಗೆ ತಿಳಿಸುವ ಫಾರಂ 29ಸಿ ಇದೆ. ಅದನ್ನು ಕೊಡಲು ಒಪ್ಪದವನ ಕೈಗೆ ಕೀಲಿ ಕೊಡಬೇಡಿ. ಟ್ರಯಲ್ ಕೇಳಿದರೆ ನಿಮ್ಮವರೊಬ್ಬರು ಗಾಡಿಯಲ್ಲಿ ಕೂತಿರಬೇಕು.

ಹೆರಾಲ್ಡ್ ವಿಷಯದಲ್ಲಿ ಟ್ರಯಲ್‌ಗೆ ಇನ್ನೂ ಒಂದು ಭಯವಿದೆ. ಮುಂದಿನ ಸಸ್ಪೆನ್ಷನ್ ಕೆಳತುದಿಯ ಟ್ರನಿಯನ್ ಒಂದು ತಿರುಪಿನ ಜೋಡಣೆ, ಹಿತ್ತಾಳೆ ಬಣ್ಣದ ತುಂಡಿನೊಳಗೆ ಉಕ್ಕಿನ ತಿರುಪು. ಅದಕ್ಕೆ ಇಪಿ 90 ಗೇರ್ ಎಣ್ಣೆ ಹಾಕಬೇಕು. ನಿಪ್ಪಲ್ ಕಂಡ ತಕ್ಷಣ ಗ್ಯಾರೇಜ್ ಹುಡುಗರು ಗ್ರೀಸ್ ಹೊಡೆಯುತ್ತಾರೆ. ಗ್ರೀಸ್ ತಿರುಪಿನ ತಳಕ್ಕೆ ಇಳಿಯುವುದಿಲ್ಲ, ನೀರು ನಿಂತು ಉಕ್ಕು ತಿನ್ನುತ್ತದೆ, ಒಂದು ದಿನ ತಿರುವಿನಲ್ಲಿ ಮುರಿದು ಚಕ್ರ ಒಳಮಡಚುತ್ತದೆ. ಕಡಿಮೆ ಓಡಿ ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಇದರ ಅಪಾಯ ಹೆಚ್ಚು. ವಾಪಸ್ ಬಂದ ಈ ಗಾಡಿಯಲ್ಲಿ ಎರಡೂ ಕಡೆ ಹೊಸ ಗ್ರೀಸ್ ಮೆತ್ತಿತ್ತು.

ಹೋದ ಕಾರ್ಬುರೇಟರಿಗೆ ಪುರಾವೆ ಏಕೆ ಸಿಗಲಿಲ್ಲ ಎಂದರೆ, ಯಾರೂ ಫೋಟೋ ತೆಗೆದಿರಲಿಲ್ಲ. ಬಾನೆಟ್ ಎತ್ತಿ ದೂರದಿಂದ ಒಂದು ಫೋಟೋ ತೆಗೆದರೆ ಸಾಲದು. ಎಸ್‌ಯುನ ಫ್ಲೋಟ್ ಮುಚ್ಚಳದ ಸ್ಕ್ರೂ ಕೆಳಗೆ ಎಯುಸಿ ಅಥವಾ ಎಯುಡಿ ಎಂದು ಶುರುವಾಗುವ ನಂಬರಿನ ಸಣ್ಣ ಲೋಹದ ಬಿಲ್ಲೆ ಇರುತ್ತದೆ. ಅದನ್ನು ಓದುವಷ್ಟು ಹತ್ತಿರದಿಂದ ಫೋಟೋ ತೆಗೆಯಿರಿ. ಈ ಜೋಡಿ ಎಚ್‌ಎಸ್2, ಅಂದರೆ ಒಂದೂಕಾಲು ಇಂಚಿನ ಬಾಯಿ. ಪಿಸ್ಟನ್ ಮತ್ತು ಅದರ ಮೇಲಿನ ಚೇಂಬರ್ ಒಂದಕ್ಕೊಂದು ಹೊಂದಿಸಿ ಮಾಡಿದವು, ಅದಲುಬದಲಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಸರಿಯಾದ ಜೋಡಿಯಲ್ಲಿ ಬೆರಳಿನಿಂದ ಪಿಸ್ಟನ್ ಎತ್ತಿ ಬಿಟ್ಟರೆ ಟಕ್ಕೆಂದು ಕೂರುತ್ತದೆ. ಆ ಸದ್ದಿನ ವಿಡಿಯೋ ಕೂಡ ಮಾಡಿಡಿ. ಎಂಜಿನ್ ನಂಬರ್, ಚಾಸಿ ಪ್ಲೇಟು, ಮೀಟರ್, ಮ್ಯಾನಿಫೋಲ್ಡಿನ ಎರಕದ ಅಂಕಿ ಸೇರಿಸಿ ಒಂದು ಪಟ್ಟಿ ಬರೆದು, ಗಾಡಿ ಒಯ್ಯುವವರಿಂದ ತಾರೀಖು ಹಾಕಿಸಿ ಸಹಿ ಪಡೆಯಿರಿ. ಹಳೆಯ ರೇಸಿನ ಫೋಟೋ, ಬಿಡಿಭಾಗದ ಬಿಲ್ಲು ಇದ್ದರೆ ಮೂಲಪ್ರತಿ ಕೊಡಬೇಡಿ, ನಕಲು ಕೊಡಿ. ಆ ಕಾಲದಲ್ಲೇ ಹಾಕಿದ ಭಾಗವೆಂದು ಸಾಬೀತು ಮಾಡಲು ನಿಮ್ಮ ಬಳಿ ಬೇರೇನೂ ಇರುವುದಿಲ್ಲ.

ಕಳೆದುಹೋದ ಜೋಡಿಗೆ ಒಂದು ಗುರುತು ಉಳಿದಿದೆ. ಅದನ್ನು ಕೂರಿಸಿದ್ದ ಹಿರಿಯ ಮೆಕ್ಯಾನಿಕ್ ಚೇಂಬರ್ ತಪ್ಪದಿರಲೆಂದು ಫೈಲಿನಿಂದ ಗೀರು ಹಾಕಿದ್ದರು. ಒಂದಕ್ಕೆ ಚೇಂಬರ್ ಅಂಚಿನಲ್ಲೂ ಬಾಡಿಯಲ್ಲೂ ಒಂದೊಂದು ಗೀರು, ಇನ್ನೊಂದಕ್ಕೆ ಎರಡೆರಡು. ಜೆ.ಸಿ. ರಸ್ತೆಯಲ್ಲಾಗಲಿ, ಶಿವಾಜಿನಗರದ ಗುಜರಿಯಲ್ಲಾಗಲಿ, ಇಂಥ ಗೀರಿರುವ ಎಚ್‌ಎಸ್2 ಜೋಡಿ ಕಣ್ಣಿಗೆ ಬಿದ್ದರೆ ಕೊಳ್ಳಬೇಡಿ. ಬಿಲ್ಲೆಯ ಫೋಟೋ ತೆಗೆದುಕೊಂಡು ಇಲ್ಲಿ ತಿಳಿಸಿ.