ಹಳೆಯ ಕಾರಿನ ಇಗ್ನಿಷನ್ ಟೈಮಿಂಗನ್ನು ಕಿವಿಯ ಅಂದಾಜಿಗೆ ಬಿಡಬೇಡಿ

ಪಾಯಿಂಟ್ಸ್ (ತೆರೆದಾಗ ಕಿಡಿ ಹಾರಿಸುವ ಸಣ್ಣ ಸಂಪರ್ಕ ತುದಿಗಳು) ಇರುವ ಹಳೆಯ ಪೆಟ್ರೋಲ್ ಕಾರನ್ನು ಇಟ್ಟುಕೊಂಡವರು ಇದನ್ನು ದಯವಿಟ್ಟು ಓದಬೇಕು. ಇಗ್ನಿಷನ್ ಟೈಮಿಂಗ್ ಎಂದರೆ ಪ್ಲಗ್‌ನ ಕಿಡಿ ಯಾವ ಕ್ಷಣಕ್ಕೆ ಹಾರಬೇಕು ಎಂಬ ಹೊಂದಾಣಿಕೆ. ಗ್ಯಾರೇಜಿನ ಮೇಸ್ತ್ರಿ ಎಂಜಿನ್ ಚಾಲೂ ಮಾಡಿ, ಡಿಸ್ಟ್ರಿಬ್ಯೂಟರನ್ನು (ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಘಟಕ) ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ, ಶಬ್ದ ಎಲ್ಲಿ ಚುರುಕಾಗುತ್ತದೆಯೋ ಅಲ್ಲಿಗೇ ಬೋಲ್ಟ್ ಬಿಗಿ ಮಾಡಿಕೊಟ್ಟರೆ, ಆ ಕಾರನ್ನು ಹಾಗೆಯೇ ಹೆದ್ದಾರಿಗೆ ಇಳಿಸಬೇಡಿ.

ನಮ್ಮದು ದೊಡ್ಡಪ್ಪನವರ ಕಾಲದಿಂದ ಬಂದ 1489 ಸಿಸಿ ಪೆಟ್ರೋಲ್ ಅಂಬಾಸಿಡರ್. ಏಪ್ರಿಲ್ ತಿಂಗಳಿನಲ್ಲಿ ದಾವಣಗೆರೆಯ ಒಂದು ಗ್ಯಾರೇಜಿನಲ್ಲಿ ಪಾಯಿಂಟ್ಸ್ ಮತ್ತು ಕಂಡೆನ್ಸರ್ ಬದಲಾಯಿಸಿಕೊಂಡೆವು. ಟೈಮಿಂಗ್ ಲೈಟ್ (ಕಿಡಿ ಹಾರಿದಾಗಲೆಲ್ಲ ಮಿನುಗಿ ಎಂಜಿನ್ನಿನ ಟೈಮಿಂಗ್ ಗುರುತನ್ನು ತೋರಿಸುವ ದೀಪ) ಹಿಡಿಯುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ, "ಅದೆಲ್ಲ ಬೇಡ ಸರ್, ನಮಗೆ ಕಿವೀನೇ ಸಾಕು" ಎಂಬ ಉತ್ತರ ಬಂತು. ಈ ಎಂಜಿನ್ನಿನಲ್ಲಿ ಆ ಗುರುತು ಇರುವುದು ಕೆಳಗಿನ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಪುಲ್ಲಿಯ ಬಳಿ. ಬಗ್ಗಿ, ಒರೆಸಿ, ಹುಡುಕಿ ನೋಡಬೇಕು. ಆ ತೊಂದರೆ ಯಾರಿಗೆ ಬೇಕು? ಊರೊಳಗೆ ಪಿಕಪ್ ಮಾತ್ರ ಎಂದೂ ಇಲ್ಲದಷ್ಟು ಚೆನ್ನಾಗಿತ್ತು.

ಮನೆಯವರನ್ನೆಲ್ಲ ಕೂರಿಸಿಕೊಂಡು ಚಿತ್ರದುರ್ಗಕ್ಕೆ ಹೊರಟಾಗ, ಆನಗೋಡು ದಾಟಿದ ಮೇಲೆ, ಏರು ಬಂದು ಆಕ್ಸಿಲರೇಟರ್ ಒತ್ತಿದಾಗಲೆಲ್ಲ ತಗಡಿನ ಡಬ್ಬಿಯಲ್ಲಿ ಹರಳು ಅಲ್ಲಾಡಿಸಿದಂಥ ಸದ್ದು ಕೇಳತೊಡಗಿತು. ಗಾಡಿ ನಿಲ್ಲಿಸಿ ಗ್ಯಾರೇಜಿಗೆ ಫೋನ್ ಮಾಡಿದರೆ, "ಅದು ಪೆಟ್ರೋಲಿಂದು ಸರ್, ಟ್ಯಾಂಕ್ ಖಾಲಿಯಾದ್ರೆ ಹೋಗ್ತದೆ, ನೀವು ಹೋಗ್ರಿ" ಎಂದರು. ಭರಮಸಾಗರ ದಾಟುವಷ್ಟರಲ್ಲಿ ಉಷ್ಣಾಂಶದ ಮುಳ್ಳು ಮೇಲೇರಿತ್ತು. ಚಿತ್ರದುರ್ಗ ತಲುಪುವಾಗ ಒಂದು ಸಿಲಿಂಡರ್ ಕೆಲಸ ಬಿಟ್ಟಿತ್ತು.

ಅಲ್ಲಿನ ಹಿರಿಯ ಮೆಕ್ಯಾನಿಕ್ ಒಬ್ಬರು ಮೊದಲು ಪ್ಲಗ್‌ಗಳನ್ನು ಬಿಚ್ಚಿ, ಬೆಳ್ಳಗಾಗಿದ್ದ ಪಿಂಗಾಣಿಯ ಮೇಲೆ ಅಂಟಿದ್ದ ಸಣ್ಣ ಹೊಳಪಿನ ಚುಕ್ಕಿಗಳನ್ನು ತೋರಿಸಿದರು. ಅವು ಪಿಸ್ಟನ್ನಿನಿಂದ ಎದ್ದ ಅಲ್ಯೂಮಿನಿಯಂ ಕಣಗಳು. ಆಮೇಲೆ ಲೈಟ್ ಹಿಡಿದರೆ, ಟೈಮಿಂಗ್ ಕೈಪಿಡಿಯ ಅಂಕಿಗಿಂತ ಸುಮಾರು 14 ಡಿಗ್ರಿ ಮುಂದಿತ್ತು, ಎಂದರೆ ಕಿಡಿ ಅಷ್ಟು ಬೇಗ ಹಾರುತ್ತಿತ್ತು. ಹೆಡ್ ಇಳಿಸಿದಾಗ ಗ್ಯಾಸ್ಕೆಟ್ ಎರಡು ಸಿಲಿಂಡರ್‌ಗಳ ನಡುವೆ ಸುಟ್ಟಿದ್ದುದೂ, ಒಂದು ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಅಂಚು ಮುರಿದಿದ್ದುದೂ ಕಂಡಿತು. ದಾವಣಗೆರೆಯ ಗ್ಯಾರೇಜಿನವರು ಇದಕ್ಕೂ ತಮಗೂ ಸಂಬಂಧವಿಲ್ಲವೆಂದು ಕೈ ತೊಳೆದುಕೊಂಡರು.

ಕಿವಿ ಏಕೆ ಮೋಸ ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಿಡಿ ಹಾರಿದ ಮೇಲೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಉರಿದು ಒತ್ತಡ ಏರುವುದಕ್ಕೆ ಕೆಲವು ಮಿಲಿಸೆಕೆಂಡ್ ಬೇಕು. 3000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಸುತ್ತು ಮುಗಿಸುವುದೇ 20 ಮಿಲಿಸೆಕೆಂಡಿನಲ್ಲಿ. ಹೀಗಾಗಿ ಪಿಸ್ಟನ್ ಮೇಲೆ ತಲುಪುವ ಮೊದಲೇ ಕಿಡಿ ಹಾರಬೇಕು, ವೇಗ ಹೆಚ್ಚಿದಂತೆ ಇನ್ನಷ್ಟು ಮೊದಲೇ ಹಾರಬೇಕು. ಈ ಹೆಚ್ಚುವರಿಯನ್ನು ಡಿಸ್ಟ್ರಿಬ್ಯೂಟರ್ ಒಳಗಿನ ತೂಕಗಳು ಮತ್ತು ವ್ಯಾಕ್ಯೂಮ್ ಘಟಕ ತಾವಾಗಿಯೇ ಸೇರಿಸುತ್ತವೆ. ಭಾರವಿಲ್ಲದೆ ಐಡ್ಲಿಂಗ್‌ನಲ್ಲಿರುವ ಎಂಜಿನ್ನಿನ ಸಿಲಿಂಡರಿನಲ್ಲಿ ಒತ್ತಡ ಕಡಿಮೆ, ಆದ್ದರಿಂದ ಕಿಡಿ ಸಾಕಷ್ಟು ಮುಂದಿದ್ದರೂ ಅದು ನಾಕ್ ಮಾಡದೆ ಚುರುಕಾಗಿಯೇ ಓಡುತ್ತದೆ. ಅದೇ ಎಂಜಿನ್ ಬಿಸಿಲಿನಲ್ಲಿ, ಐದು ಜನರನ್ನು ಹೊತ್ತು, ಟಾಪ್ ಗೇರಿನಲ್ಲಿ ಏರು ಹತ್ತುವಾಗ ಇನ್ನೂ ಉರಿಯದೆ ಉಳಿದ ಮಿಶ್ರಣ ತಾನಾಗಿ ಸಿಡಿದು ಪಿಸ್ಟನ್ನನ್ನು ಬಡಿಯುತ್ತದೆ. ಇದೇ ನಾಕಿಂಗ್, ನಮಗೆ ಏರಿನಲ್ಲಿ ಕೇಳಿದ ಸದ್ದು ಇದೇ. ಸಾಲದ್ದಕ್ಕೆ, ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ, ಎಂದರೆ ಅದರ ದೇಹವನ್ನು 5 ಡಿಗ್ರಿ ತಿರುಗಿಸಿದರೆ ಕ್ರ್ಯಾಂಕಿನ ಲೆಕ್ಕದಲ್ಲಿ 10 ಡಿಗ್ರಿ ಹೋಯಿತು. ಕೈಯ ಅಂದಾಜಿಗೆ ಇದು ಸಿಗುವಂಥದ್ದಲ್ಲ.

ಆದ್ದರಿಂದ ಎದುರು ನಿಂತು ಕೆಲಸ ಮಾಡಿಸಿ. ಮೊದಲು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ತಗಡು) ಪಾಯಿಂಟ್ಸ್ ಗ್ಯಾಪ್, ಅನಂತರ ಟೈಮಿಂಗ್. ಲೂಕಾಸ್ ಮಾದರಿಯ ಹಳೆಯ ಡಿಸ್ಟ್ರಿಬ್ಯೂಟರ್‌ಗಳಲ್ಲಿ ಈ ಗ್ಯಾಪ್ ಸಾಮಾನ್ಯವಾಗಿ 0.015 ಇಂಚಿನ ಆಸುಪಾಸು. ಗ್ಯಾಪ್ ಹೆಚ್ಚಿದರೆ ಟೈಮಿಂಗ್ ಮುಂದಕ್ಕೂ, ಕಡಿಮೆಯಾದರೆ ಹಿಂದಕ್ಕೂ ಸರಿಯುವುದರಿಂದ, ಈ ಕ್ರಮ ತಪ್ಪಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಲೈಟ್ ಹಿಡಿಯುವಾಗ ವ್ಯಾಕ್ಯೂಮ್ ಪೈಪ್ ಕಳಚಿ ಅದರ ಬಾಯಿ ಮುಚ್ಚಿರಬೇಕು, ಐಡ್ಲಿಂಗ್ ಕೈಪಿಡಿಯಲ್ಲಿ ಹೇಳಿದಷ್ಟೇ ಇರಬೇಕು. ಬೆಳಕಿನಲ್ಲಿ ಗುರುತು ಒಂದೆಡೆ ನಿಲ್ಲದೆ ಕುಣಿದರೆ ಡಿಸ್ಟ್ರಿಬ್ಯೂಟರಿನ ದಂಡವನ್ನು ಹಿಡಿದಿಡುವ ಬುಷ್ ಸವೆದಿರುವ ಸಾಧ್ಯತೆ ಹೆಚ್ಚು. ಅದನ್ನು ಸರಿಪಡಿಸದೆ ಮುಂದುವರಿಯುವುದರಲ್ಲಿ ಅರ್ಥವಿಲ್ಲ.

ಲೈಟ್ ಇಲ್ಲವೆಂಬ ನೆಪವನ್ನೂ ಒಪ್ಪಬೇಡಿ. ಒಂದು 12 ವೋಲ್ಟ್ ಬಲ್ಬನ್ನು ಕಾಯಿಲ್‌ನಿಂದ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಸುರುಳಿ) ಡಿಸ್ಟ್ರಿಬ್ಯೂಟರಿಗೆ ಹೋಗುವ ಟರ್ಮಿನಲ್ ಮತ್ತು ಬಾಡಿಯ ನಡುವೆ ಸೇರಿಸಿ, ಕೀ ಆನ್ ಮಾಡಿ, ಒಂದನೇ ಸಿಲಿಂಡರಿನ ಕಂಪ್ರೆಷನ್ ಹೊಡೆತದಲ್ಲಿ ಎಂಜಿನ್ನನ್ನು ಕೈಯಿಂದ ತಿರುಗಿಸಿದರೆ, ಪಾಯಿಂಟ್ಸ್ ತೆರೆಯುವ ಕ್ಷಣಕ್ಕೆ ಬಲ್ಬ್ ಹತ್ತುತ್ತದೆ. ಆಗ ಪುಲ್ಲಿಯ ಗುರುತು ಕೈಪಿಡಿ ಹೇಳಿದ ಜಾಗದಲ್ಲಿರಬೇಕು. ತಿರುಗಿಸುವುದು ಎಂಜಿನ್ ಓಡುವ ದಿಕ್ಕಿನಲ್ಲೇ ಆಗಬೇಕು, ಇಲ್ಲವಾದರೆ ಟೈಮಿಂಗ್ ಚೈನಿನ ಸಡಿಲ ಲೆಕ್ಕ ಕೆಡಿಸುತ್ತದೆ.

ನಾಕಿಂಗ್‌ಗೆ ಹೆದರಿ ಟೈಮಿಂಗನ್ನು ಬಹಳ ಹಿಂದಕ್ಕೆ ಇಡಿಸಿಕೊಳ್ಳುವವರೂ ಇದ್ದಾರೆ. ಅದರಿಂದ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ವಿಪರೀತ ಕಾಯುತ್ತದೆ, ಎಂಜಿನ್ ಬಿಸಿಯಾಗುವುದೂ ತಪ್ಪುವುದಿಲ್ಲ.

ಇನ್ನೊಂದು ಮಾತು. ಕ್ಲ್ಯಾಂಪಿನ ಬೋಲ್ಟ್ ಬಿಗಿಯುವಾಗ ಡಿಸ್ಟ್ರಿಬ್ಯೂಟರ್ ತುಸು ಸರಿದುಬಿಡುವುದುಂಟು. ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಲೈಟ್ ಹಿಡಿಸಿ, ಗುರುತನ್ನು ನೀವೇ ಬಗ್ಗಿ ನೋಡಿ, ಒಂದು ಏರು ಹತ್ತಿಸಿ ಸದ್ದು ಬರುತ್ತಿಲ್ಲವೆಂದು ಖಾತ್ರಿಪಡಿಸಿಕೊಂಡ ನಂತರವೇ ಹಣ ಕೊಡಿ.