ಫೇರೋ ಗೇಮಲ್ಲಿ ಮೂರು ವ್ರತ: ಈ ಮಳೆಗಾಲಕ್ಕೆ ಯಾವುದು ಹಿಡಿಯೋದು

ಜೂನ್ ಹತ್ರ ಬಂತು ಅಂದ್ರೆ ನಮ್ಮನೇಲಿ ಎರಡು ತಯಾರಿ ಶುರು. ಅಪ್ಪಯ್ಯಂದು ಅಡಿಕೆಗೆ ಬೋರ್ಡೋ ಔಷಧಿ ಹೊಡೆಯೋಕೆ ಮೈಲುತುತ್ತ, ಸುಣ್ಣ ತಂದಿಡೋದು, ನಂದು ಮಳೆಗಾಲ ಪೂರ್ತಿ ಆಡೋಕೆ ಒಂದು ಗೇಮ್ ಗೊತ್ತುಮಾಡೋದು. ತೀರ್ಥಹಳ್ಳಿಯಿಂದ ಒಳಗಿರೋ ಊರು ನಮ್ದು, ಮಳೆ ಹಿಡೀತು ಅಂದ್ರೆ ನೆಟ್ ಇರಲ್ಲ, ಕರೆಂಟ್ ಇದ್ದಾಗ ಲ್ಯಾಪ್‌ಟಾಪ್ ಚಾರ್ಜ್ ಮಾಡ್ಕೊಂಡಿದ್ದೇ ಪುಣ್ಯ. ಹಾಗಾಗಿ 1999ರ ಫೇರೋನೇ ಗತಿ. ಇಂಪ್ರೆಷನ್ಸ್ ಗೇಮ್ಸ್‌ನವರು ಮಾಡಿದ್ದು, ನೈಲ್ ದಂಡೆ ಮೇಲೆ ಊರು ಕಟ್ಟೋದು, ಎಂಥಾ ಹಳೇ ಲ್ಯಾಪ್‌ಟಾಪಲ್ಲೂ ಓಡತ್ತೆ. 2023ರಲ್ಲಿ ಇದನ್ನೇ ಹೊಸದಾಗಿ ಬಣ್ಣ ಬಳಿದು ಬಿಟ್ಟಿದಾರೆ, ಚೆಂದ ಇದೆ, ಆದ್ರೆ ನನ್ನ ಕೈ ಕೂತಿರೋದು ಹಳೇದಕ್ಕೇ.

ತೊಂದ್ರೆ ಎಂತ ಅಂದ್ರೆ ಆಡಿ ಆಡಿ ಸವೆದುಹೋಗಿದೆ, ಕಣ್ಣು ಮುಚ್ಚಿ ಊರು ಕಟ್ತೀನಿ. ಶಿವಮೊಗ್ಗದಲ್ಲಿರೋ ಚಿಕ್ಕಪ್ಪನ ಮಗ ಅಂದ, "ಏನಾದ್ರೂ ಒಂದು ಬಿಟ್ಟು ಆಡು ಮಾರಾಯ, ಚಾತುರ್ಮಾಸ್ಯದಲ್ಲಿ ಅಜ್ಜಿ ತರಕಾರಿ ಬಿಡ್ತಿದ್ರಲ್ಲ ಹಂಗೆ." ಸರಿ ಅಂತ ಮೇ ತಿಂಗಳಲ್ಲಿ ಮೂರು ವ್ರತ ಟ್ರಯಲ್ ನೋಡ್ದೆ. ಮೂರಕ್ಕೂ ಒಂದೇ ಮ್ಯಾಪ್, ಮಿಷನ್ ಎಡಿಟರ್‌ನಲ್ಲಿ ನಾನೇ ಮಾಡ್ಕೊಂಡಿದ್ದು, ಕೈಯಲ್ಲಿ 7500 ದೆಬೆನ್ (ಗೇಮಿನ ದುಡ್ಡು), ಡಿಫಿಕಲ್ಟಿ ಹಾರ್ಡ್, ಗುರಿ 2000 ಜನ ಮತ್ತೆ ಒಂದು ಸಣ್ಣ ಮಸ್ತಬಾ, ಅಂದ್ರೆ ಇಟ್ಟಿಗೆ ಗೋರಿ.

ಮೊದಲನೇದು ರೋಡ್‌ಬ್ಲಾಕ್ ಇಲ್ದೆ ಆಡೋದು. ಗೊತ್ತಿಲ್ದೋರಿಗೆ ಹೇಳ್ತೀನಿ, ಈ ಗೇಮಲ್ಲಿ ಬಜಾರ್ ಹೆಂಗಸು, ಬೆಂಕಿ ನೋಡ್ಕೊಳೋನು, ವೈದ್ಯ ಎಲ್ರೂ ರೋಡ್ ಮೇಲೆ ಸುಮ್ನೆ ತಿರುಗ್ತಾರೆ, ಕೂಡುರಸ್ತೆ ಬಂದ್ರೆ ಯಾವ ಕಡೆ ತಿರುಗ್ತಾರೆ ಅನ್ನೋದು ಅವರ ಇಷ್ಟ, ಸ್ವಲ್ಪ ದೂರ ಹೋಗಿ ವಾಪಸ್ ಬರ್ತಾರೆ. ಯಾರ ಮನೆ ಮುಂದೆ ಹಾದುಹೋಗ್ತಾರೋ ಆ ಮನೆಗೆ ಸವಲತ್ತು ಸಿಗತ್ತೆ. ರೋಡ್‌ಬ್ಲಾಕ್ ಇಟ್ರೆ ಇವರು ಅಲ್ಲಿಂದ್ಲೇ ವಾಪಸ್ ತಿರುಗ್ತಾರೆ, ಸಾಮಾನಿನ ಗಾಡಿಯವ್ರ ಥರ ಇಂಥ ಕಡೆಗೇ ಅಂತ ಹೊರಟೋರು ದಾಟ್ತಾರೆ. ಅದಿಲ್ಲ ಅಂದ್ರೆ ಬೆಂಕಿಯವನು ಹೊಲದ ಕಡೆ ವಾಕಿಂಗ್ ಹೋಗ್ತಾನೆ, ಇಲ್ಲಿ ಸಾಲಾಗಿ ಮನೆ ಸುಟ್ಟುಹೋಗತ್ತೆ. ಮೊದಲ ಸಂಜೆ ಒಳ್ಳೇ ಮಜಾ ಬಂತು, ಎರಡು ಸಲ ಊರು ಬೂದಿ ಆಯ್ತು. ಎರಡನೇ ಸಂಜೆ ಹೊಳೀತು, ಕೂಡುರಸ್ತೆನೇ ಇಲ್ದೆ ಒಂದೇ ಸುತ್ತು ರೋಡ್ ಹಾಕಿದ್ರೆ ಅವನು ಬೇರೆ ಎಲ್ಲಿಗೆ ಹೋಗ್ತಾನೆ? ಅಷ್ಟೇ, ಮುಗೀತು. ಇದೇ ಕಂಪನಿಯ ಹಿಂದಿನ ಗೇಮ್ ಸೀಸರ್ 3 ಆಡಿದೋರು ಇದನ್ನೇ ಮಾಡ್ತಿದ್ರು, ಅದ್ರಲ್ಲಿ ರೋಡ್‌ಬ್ಲಾಕೇ ಇರ್ಲಿಲ್ವಲ್ಲ. ಆಮೇಲೆ ಉಳಿದಿದ್ದು ಬಳೆ ಥರ ಸುತ್ತು ರೋಡ್ ಹಾಕ್ತಾ ಹೋಗೋದು, ಒಂದು ಬಳೆ ಆದ್ಮೇಲೆ ಇನ್ನೊಂದು ಬಳೆ. ಈ ವ್ರತದ ಆಯಸ್ಸು ಎರಡು ಸಂಜೆ.

ಎರಡನೇದು ವ್ಯಾಪಾರ ಬಂದ್, ತಗೊಳೋದೂ ಇಲ್ಲ ಮಾರೋದೂ ಇಲ್ಲ. ಕೇಳೋಕೆ ಭಾರಿ ಚೆನ್ನಾಗಿತ್ತು, ನನ್ನ ಮ್ಯಾಪಲ್ಲಿ ಚಿನ್ನದ ಗಣಿ ಬೇರೆ ಇಟ್ಟಿರ್ಲಿಲ್ಲ, ಅಂದ್ರೆ ದುಡ್ಡು ಬರೋ ದಾರಿ ತೆರಿಗೆ ಒಂದೇ, ಅದಕ್ಕೂ ಮೊದ್ಲು ಅರಮನೆ ಕಟ್ಟಬೇಕು. ಸಾಲಕ್ಕೆ ಬಿದ್ರೆ ಕಿಂಗ್ಡಮ್ ರೇಟಿಂಗ್ ಇಳಿಯತ್ತೆ, ಸೋ ಏನೂ ಕಟ್ಟೋಕೂ ಆಗಲ್ಲ. ಸ್ಪೀಡ್ ಜಾಸ್ತಿ ಮಾಡಿ ಕೂತೆ. ತೆರಿಗೆ ಬಂತು, ಒಂದು ಬಾವಿ ಕಟ್ಟಿದೆ. ಮತ್ತೆ ಕೂತೆ. ಅಮ್ಮ ಹಪ್ಪಳ ಒಣಗಿಸೋಕೆ ಕರೆದ್ರು, ಹೋಗಿ ಇಡೀ ಹಾಸು ಹರಡಿ ಬಂದ್ರೂ ಗೇಮಲ್ಲಿ ಏನೂ ಆಗಿರ್ಲಿಲ್ಲ. ಇದು ಕಷ್ಟ ಹೌದು, ಆದ್ರೆ ಕಷ್ಟ ಎಲ್ಲ ಕಾಯೋದ್ರಲ್ಲೇ ಇದೆ.

ಮೂರನೇದು ಸುಮ್ನೆ ತಮಾಷೆಗೆ ಹಾಕ್ಕೊಂಡಿದ್ದು, ಅದೇ ನನ್ನ ನಿದ್ದೆ ಕೆಡಿಸ್ತು. ರೂಲ್ ಇಷ್ಟೇ: ನೆರೆ ಬರೋ ಜಾಗದ ಹೊಲ ಬಿಟ್ಟು ಬೇರೆಲ್ಲೂ ಬೆಳೆಯೋ ಹಂಗಿಲ್ಲ, ಮೀನು ಹಿಡಿಯೋದಿಲ್ಲ, ಬೇಟೆ ಇಲ್ಲ, ಹೊರಗಿಂದ ಊಟದ ಸಾಮಾನು ತರೋಹಂಗಿಲ್ಲ. ನೆರೆ ಮುಟ್ಟದ ಮೇಲಿನ ಮೆಡೋ ಜಮೀನಲ್ಲಾದ್ರೆ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಸಲ ಕೊಯ್ಲು ಬರತ್ತೆ, ನೆರೆ ಜಾಗದಲ್ಲಿ ವರ್ಷಕ್ಕೆ ಒಂದೇ ಸಲ, ನೀರು ಏರೋಕೆ ಸ್ವಲ್ಪ ಮುಂಚೆ. ಅಂದ್ರೆ ಇಡೀ ಊರಿನ ವರ್ಷದ ಊಟ ಒಂದೇ ವಾರದಲ್ಲಿ ಕಣಜಕ್ಕೆ ಬಂದು ಬೀಳತ್ತೆ, ಆಮೇಲೆ ಹನ್ನೆರಡು ತಿಂಗಳು ಅದನ್ನೇ ನೋಡ್ಕೊಂಡು ಕೂರಬೇಕು. ನಮ್ಮನೇಲಿ ಮಳೆಗಾಲಕ್ಕೆ ಸೌದೆ, ಅಕ್ಕಿ, ಉಪ್ಪಿನಕಾಯಿ ಎಲ್ಲ ಲೆಕ್ಕ ಹಾಕಿ ಸೇರಿಸಿಡ್ತಾರಲ್ಲ, ಆ ಲೆಕ್ಕ ನಂಗೆ ಬರಲ್ಲ ಅಂತ ಇಲ್ಲಿ ಗೊತ್ತಾಯ್ತು.

ಮೊದಲ ತಪ್ಪು ಶುರುವಲ್ಲೇ. ಆಟ ಶುರುವಾದ ತಕ್ಷಣ ಅಭ್ಯಾಸಬಲದಿಂದ ಮನೆ ಜಾಸ್ತಿ ಹಾಕ್ದೆ, ಬಜಾರ್ ಇಟ್ಟೆ, ಮೊದಲ ಕೊಯ್ಲು ಬಂದಿದ್ದೇ ಜನ ಗುಡಿಸಲಿಂದ ಮೇಲೆ ಹತ್ತಿದ್ರು, ಊರು ತುಂಬ್ತು, ಅರ್ಧ ವರ್ಷಕ್ಕೆ ಕಣಜ ಖಾಲಿ. ಊಟ ನಿಂತ್ರೆ ಮನೆ ಕೆಳಗಿಳಿಯತ್ತೆ, ಜನ ಗಂಟುಮೂಟೆ ಕಟ್ತಾರೆ, ಜನ ಹೋದ್ರೆ ಕೆಲಸಕ್ಕೆ ಆಳಿಲ್ಲ. ನಮ್ಮಲ್ಲಿ ಅಡಿಕೆ ಕೊನೆಕೊಯ್ಲಿಗೆ ಆಳು ಸಿಗ್ದೇ ಇದ್ರೆ ಅಪ್ಪಯ್ಯನ ಮುಖ ಹೆಂಗಿರತ್ತೆ, ನನ್ನ ಮುಖವೂ ಹಂಗೇ ಆಗಿತ್ತು. ಎರಡನೇ ಸಲ ಬುದ್ಧಿ ಬಂತು, ಮೊದಲ ವರ್ಷ ಬಜಾರೇ ಇಡ್ಲಿಲ್ಲ. ನೀರು ಒಂದಿದ್ರೆ ಗುಡಿಸಲಲ್ಲಿ ಜನ ಇರ್ತಾರೆ, ಕಾಳು ಪೂರ್ತಿ ಕಣಜದಲ್ಲೇ ಕೂತಿರತ್ತೆ, ಎರಡನೇ ಕೊಯ್ಲು ಕಣ್ಣಿಗೆ ಬಿದ್ಮೇಲೆ ಬಜಾರ್.

ಇನ್ನೊಂದು ನಾನು ಯೋಚನೆನೇ ಮಾಡಿರ್ಲಿಲ್ಲ. ಮಸ್ತಬಾಕ್ಕೆ ಇಟ್ಟಿಗೆ ಬೇಕು, ಇಟ್ಟಿಗೆಗೆ ಜೇಡಿಮಣ್ಣು ಮತ್ತೆ ಹುಲ್ಲು ಬೇಕು, ಆ ಹುಲ್ಲು ಬರೋದು ಕಾಳಿನ ಹೊಲದಿಂದ. ಅಂದ್ರೆ ಹುಲ್ಲೂ ವರ್ಷಕ್ಕೊಂದೇ ಸಲ. ಹುಲ್ಲು ಮುಗೀತು ಅಂದ್ರೆ ಇಟ್ಟಿಗೆ ಗೂಡು ನಿಂತೋಯ್ತು, ಮಸ್ತಬಾ ಅರ್ಧಕ್ಕೆ ನಿಂತೋಯ್ತು, ಮುಂದಿನ ಕೊಯ್ಲಿನವರೆಗೆ ಹಂಗೇ. ಮೇಲಿಂದ ಹೊಲಕ್ಕೆ ಹೋಗೋದೂ ವರ್ಕ್ ಕ್ಯಾಂಪ್ ಆಳುಗಳೇ, ಮಸ್ತಬಾಕ್ಕೆ ಹೋಗೋದೂ ಅವರೇ, ನೀರು ಇಳಿದು ಬಿತ್ತನೆ ಹೊತ್ತಲ್ಲಿ ಅವರು ಆ ಕಡೆ ಹೋಗ್ಬಿಟ್ರೆ ಹೊಲ ಪಾಳು. ಇಷ್ಟು ವರ್ಷ ಆಡಿದೀನಿ, ಇಷ್ಟೆಲ್ಲ ಒಂದಕ್ಕೊಂದು ಗಂಟು ಬಿದ್ದಿದೆ ಅಂತ ಗೊತ್ತೇ ಇರ್ಲಿಲ್ಲ, ಯಾಕಂದ್ರೆ ಮೆಡೋ ಹೊಲ ಇದ್ದಾಗ ಹುಲ್ಲು ಬರ್ತಾನೇ ಇರತ್ತೆ, ಯಾರು ತಲೆ ಕೆಡಿಸ್ಕೊಳ್ತಾರೆ.

ಮತ್ತೆ ಓಸಿರಿಸ್ ದೇವ್ರು. ನೆರೆ ಅವನ ಕೈಲಿದೆ, ಅವನು ಮುನಿಸ್ಕೊಂಡ್ರೆ ನೀರು ಕಮ್ಮಿ ಏರತ್ತೆ, ಕಮ್ಮಿ ಏರಿದ್ರೆ ಹೊಲಕ್ಕೆ ಸಾರ ಬರಲ್ಲ. ಬೇರೆ ಟ್ರಯಲ್‌ಗಳಲ್ಲಿ ಅವನಿಗೂ ಒಂದು ದೇವಸ್ಥಾನ ಇಟ್ಟು ಮರೆತಿದ್ದೆ, ಇದ್ರಲ್ಲಿ ಹಬ್ಬ ಮಾಡಿಸೋದೇ ಕೆಲಸ. ನೀಲೋಮೀಟರ್, ಅಂದ್ರೆ ನೈಲ್ ನೀರಿನ ಮಟ್ಟ ಅಳೆಯೋದನ್ನ, ನೋಡೋ ಪುರೋಹಿತರು ಈ ವರ್ಷ ನೆರೆ ಹೇಗೆ ಅಂತ ಭವಿಷ್ಯ ಹೇಳ್ತಾರೆ, ಅದನ್ನ ಓದುವಾಗ ನಗು ಬರ್ತಿತ್ತು, ಅಪ್ಪಯ್ಯ ದಿನಾ ಬೆಳಿಗ್ಗೆ ಪೇಪರಲ್ಲಿ ಲಿಂಗನಮಕ್ಕಿ ಡ್ಯಾಮ್ ಎಷ್ಟಾಯ್ತು ಅಂತ ನೋಡ್ತಾರಲ್ಲ, ತುಂಬೋ ಮಟ್ಟ 1819 ಅಡಿಗೆ ಎಷ್ಟು ಬಾಕಿ ಅಂತ, ಥೇಟ್ ಅದೇ. ಶಿವಮೊಗ್ಗದೋರಿಗಂತೂ ಕೋರ್ಪಲಯ್ಯನ ಛತ್ರದ ಮಂಟಪನೇ ನೀಲೋಮೀಟರ್, ಮಂಟಪ ಮುಳುಗ್ತಾ ಅಂತ ಕೇಳಿದ್ರೆ ತುಂಗೆ ಎಷ್ಟಿದಾಳೆ ಅಂತ ಗೊತ್ತಾಗತ್ತೆ. ಇನ್ನೊಂದು ಮಜಾ, ನೈಲ್‌ನಲ್ಲಿ ಹಿಂದೆ ನೆರೆ ಬರ್ತಿದ್ದಿದ್ದು ಇಥಿಯೋಪಿಯಾ ಬೆಟ್ಟದ ಮಳೆಯಿಂದ, ಅಲ್ಲೂ ಮಳೆ ಹಿಡಿಯೋದು ಜೂನಿಗೇ. 1970ರಲ್ಲಿ ಅಸ್ವಾನ್ ಹೈ ಡ್ಯಾಮ್ ಆದ್ಮೇಲೆ ಈಜಿಪ್ಟಲ್ಲಿ ಆ ನೆರೆನೇ ಇಲ್ಲ, ನನ್ನ ಲ್ಯಾಪ್‌ಟಾಪಲ್ಲಿ ಮಾತ್ರ ಪ್ರತಿ ವರ್ಷ ಬರತ್ತೆ.

ಹಾಗಂತ ಮೂರನೇದ್ರಲ್ಲಿ ಬೇಜಾರಿಲ್ಲ ಅಂತಲ್ಲ. ನೀರು ನಿಂತಿರೋ ತಿಂಗಳಲ್ಲಿ ಮಾಡೋಕೆ ಕೆಲಸ ಕಮ್ಮಿ, ಕೊಯ್ಲಿನ ಹೊತ್ತಲ್ಲಿ ಕಣಜ ದೂರ ಇದ್ರೆ ಗಾಡಿಯವ್ರು ಸಾಲಾಗಿ ನಿಂತಿರೋದು ನೋಡಿದ್ರೆ ಹೊಟ್ಟೆ ಉರಿಯತ್ತೆ. ಆದ್ರೂ ಎರಡನೇ ವ್ರತದ ಕಾಯೋದಕ್ಕೂ ಇದಕ್ಕೂ ವ್ಯತ್ಯಾಸ ಇದೆ, ಅಲ್ಲಿ ದುಡ್ಡಿಗೆ ಕಾಯ್ತೀವಿ ಅಷ್ಟೇ, ಇಲ್ಲಿ ಕಾಯ್ತಾ ಕಾಯ್ತಾ ಎದೆ ಢವಢವ ಅಂತಿರತ್ತೆ.

ಹಾಗಾಗಿ ಈ ಮಳೆಗಾಲಕ್ಕೆ ಮೂರನೇದೇ, ಸ್ವಲ್ಪ ಬಿಗಿ ಮಾಡಿ. ಸೇವ್ ಮಾಡೋದು ನೀರು ಏರೋಕೆ ಶುರುವಾದಾಗ ಒಂದೇ ಸಲ, ಹಿಂದಕ್ಕೆ ಹೋಗೋಹಂಗಿಲ್ಲ. ಬಾರ್ಲಿ, ಅಗಸೆ ಕೂಡ ನೆರೆ ಹೊಲದ್ದೇ, ಅಂದ್ರೆ ಬಿಯರಿಗೂ ಬಟ್ಟೆಗೂ ವರ್ಷದ ಲೆಕ್ಕ. ವ್ಯಾಪಾರಕ್ಕೆ ಅಡ್ಡಿ ಇಲ್ಲ, ಮಡಿಕೆ ಮಾರಿ ದುಡ್ಡು ಮಾಡ್ಕೋಬಹುದು, ಎರಡನೇ ವ್ರತದ ಗೋಳು ಮತ್ತೆ ಬೇಡ. ಮಸ್ತಬಾ ಮುಟ್ಟೋದು ಒಂದು ವರ್ಷದ ಕಾಳು ಎಕ್ಸ್ಟ್ರಾ ಉಳಿದ್ಮೇಲೇ. ಶಿವಮೊಗ್ಗದ ಚಿಕ್ಕಪ್ಪನ ಮಗ ಅಂತಾನೆ ಮಂಟಪ ಮುಳುಗಿದ ದಿನ ಇಬ್ರೂ ಒಟ್ಟಿಗೆ ಶುರು ಮಾಡೋಣ, ಅಲ್ಲಿಂದ ಫೋಟೋ ಕಳಿಸ್ತೀನಿ ಅಂತ. ನೆಟ್ ಇದ್ರೆ ತಾನೇ ಫೋಟೋ ಬರೋದು, ಫೋನ್ ಮಾಡಿ ಹೇಳು ಅಂದಿದೀನಿ. ಅಷ್ಟರೊಳಗೆ ಅಪ್ಪಯ್ಯಂದು ಮೊದಲ ಔಷಧಿ ಹೊಡೆದು ಮುಗಿದಿರಬೇಕು, ಇಲ್ದಿದ್ರೆ ನಂಗೆ ಲ್ಯಾಪ್‌ಟಾಪ್ ಮುಟ್ಟೋಕೂ ಬಿಡಲ್ಲ.